ಹೆಜ್ಜೆ ಸದ್ದಾಗದಂತೆ

ಅಂಗಳದಲ್ಲಿ ಕಾಗೆಯೊಂದು ಕೂತಿರುವಾಗ ಅದರ ಪಕ್ಕದಲ್ಲಿ ಸುಮ್ಮನೆ ನಡೆದು ಹೋಗಿ ನೋಡಿ. ಅದು ನಿಮ್ಮನ್ನು ಒಂದೇ ಕಣ್ಣಿನಲ್ಲಿ ಅಳೆದು, ಎರಡು ಸಲ ಪಕ್ಕಕ್ಕೆ ಕುಪ್ಪಳಿಸಿ, ಮತ್ತೆ ತನ್ನ ಕೆಲಸದಲ್ಲಿ ತೊಡಗುತ್ತದೆ. ಅದೇ ಜಾಗದಲ್ಲಿ ನಿಂತು ಕಲ್ಲು ಹೆಕ್ಕುವವರಂತೆ ಸೊಂಟ ಬಗ್ಗಿಸಿ. ನಿಮ್ಮ ಕೈ ನೆಲ ಮುಟ್ಟುವ ಮೊದಲೇ ಕಾಗೆ ತೆಂಗಿನ ಗರಿಯ ಮೇಲಿರುತ್ತದೆ. ಬೀದಿ ನಾಯಿಯೂ ಅಷ್ಟೇ. ಎಂಟನೇ ತರಗತಿಯ ಮಕ್ಕಳಿಗೆ ನಾನು ಪ್ರತಿ ವರ್ಷ ಇದನ್ನೊಂದು ಮನೆಗೆಲಸವಾಗಿ ಕೊಡುವುದುಂಟು. ಕಾಗೆ, ಗುಬ್ಬಿ, ಓತಿಕ್ಯಾತ, ಬೆಕ್ಕು ಯಾವುದಾದರೂ ಸರಿ, ಅದು ನಿಮ್ಮನ್ನು ಎಷ್ಟು ಹತ್ತಿರಕ್ಕೆ ಬಿಟ್ಟುಕೊಂಡಿತು ಎಂಬುದನ್ನು ಹೆಜ್ಜೆಯಲ್ಲಿ ಎಣಿಸಿ ಬರೆದು ತರಬೇಕು. ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್ (1908-1992) ಎಂಬ ಪ್ರಾಣಿಶಾಸ್ತ್ರಜ್ಞ ಬರ್ನ್, ಬಾಸೆಲ್, ಜ್ಯೂರಿಚ್ ಮೂರೂ ಊರುಗಳ ಮೃಗಾಲಯಗಳನ್ನು ನಡೆಸಿದವನು. ಪ್ರಾಣಿ ಕಾಲಿಗೆ ಬುದ್ಧಿ ಹೇಳುವ ಈ ಅಂತರಕ್ಕೆ ಅವನು ‘ಪಲಾಯನ ದೂರ’ ಎಂಬ ಅರ್ಥದ ಹೆಸರು ಕೊಟ್ಟ. ಆ ದೂರದೊಳಕ್ಕೆ ಪ್ರಾಣಿಗೆ ಗೊತ್ತಾಗದಂತೆ ಕಾಲಿಡುವುದೇ ಬೇಟೆಯ ವಿದ್ಯೆ. ಹುಲಿಗೂ ಅದೇ ವಿದ್ಯೆ, ಹಲ್ಲಿಗೂ ಅದೇ.

ಈ ಪಲಾಯನ ದೂರವನ್ನೇ ಬಂಡವಾಳ ಮಾಡಿಕೊಂಡ ವಿಡಿಯೋ ಗೇಮುಗಳಿವೆ ಎಂಬುದು ನನಗೆ ಗೊತ್ತಾದದ್ದು ಹೋದ ಬೇಸಗೆ ರಜೆಯಲ್ಲಿ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗಳು ಒಂದು ತಿಂಗಳು ನಮ್ಮಲ್ಲಿ ಇರಲು ಬಂದಳು. ಅವಳ ಜೊತೆಗೆ ಅವಳಪ್ಪ ಸಿಂಗಪುರದಿಂದ ತಂದುಕೊಟ್ಟಿದ್ದ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರವೂ ಬಂತು. ಬರುವ ಹಿಂದಿನ ದಿನ ತಮ್ಮ ಫೋನು ಮಾಡಿದ್ದ. “ಅವಳ ತಲೆಗೆ ನಿಜವಾಗಿಯೂ ಹುಳ ಬಿಟ್ಟಿದಾರೆ ಅಣ್ಣಾ. ಹೊತ್ತು ಹೊತ್ತಿಗೂ ಹುಳ ಹಿಡೀತಾ ಕೂತಿರ್ತಾಳೆ. ಮನೇಲಿ ಮಾತಿಲ್ಲ ಕತೆಯಿಲ್ಲ. ಗಣಿತದಲ್ಲಿ ಮಾರ್ಕ್ಸು ಇಳಿದುಹೋಗಿದೆ. ನೀನು ಮೇಷ್ಟ್ರು, ನೀನಾದ್ರೂ ಹೇಳಿ ನೋಡು. ಇಲ್ಲಾಂದ್ರೆ ನಾನದನ್ನ ಮಾರಿಬಿಡ್ತೀನಿ” ಎಂದ. ಅವನ ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ದಿಗಿಲಿತ್ತು. ಮನೆ ಬದಲಾಯಿಸಿದ್ದರಿಂದ ಹುಡುಗಿಗೆ ಶಾಲೆಯೂ ಬದಲಾಗಿತ್ತು, ಗೆಳತಿಯರೂ ತಪ್ಪಿಹೋಗಿದ್ದರು. ಅದನ್ನು ಅವನೂ ಬಲ್ಲ.

ಆಟದ ಹೆಸರು ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’. ಜಪಾನಿನ ನಿಂಟೆಂಡೊ ಕಂಪನಿ ಇದನ್ನು ಬಿಡುಗಡೆ ಮಾಡಿದ್ದು 2020ರ ಮಾರ್ಚ್ 20ರಂದು. ನಮ್ಮ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡದ್ದು ಆಮೇಲೆ ಐದೇ ದಿನಕ್ಕೆ. ಮೂರನೇ ಮಹಡಿಯ ಫ್ಲಾಟಿನಲ್ಲಿ ಆ ವರ್ಷ ಕಳೆದ ಎಂಟು ವರ್ಷದ ಮಗುವಿಗೆ ಮುಂದೊಂದು ದಿನ ಇಂಥ ಆಟ ಸಿಕ್ಕಿದರೆ ಅದು ಬಿಟ್ಟೀತೆ? ಆಟದಲ್ಲಿ ನಿಮಗೊಂದು ದ್ವೀಪ. ಅಲ್ಲಿ ಮನೆ ಕಟ್ಟಬಹುದು, ಗಿಡ ನೆಡಬಹುದು, ಮೀನು ಹಿಡಿಯಬಹುದು. ಒಂದು ಉದ್ದ ಕೋಲಿನ ಬಲೆ ಹಿಡಿದು 80 ಬಗೆಯ ಹುಳುಹುಪ್ಪಟೆಗಳ ಬೆನ್ನು ಹತ್ತಬಹುದು. ಕೆಲವು ಶನಿವಾರಗಳಲ್ಲಿ ಹುಳು ಹಿಡಿಯುವ ಪಂದ್ಯವೂ ಇರುತ್ತದೆ. ಆಟದೊಳಗೊಂದು ಪುಟ್ಟ ಆಟ. ಸಮಯ ಮೂರೇ ನಿಮಿಷ.

ಹುಡುಗಿ ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಓಡಿದರೆ ಚಿಟ್ಟೆ ಹಾರಿಹೋಗುತ್ತದೆ. ಒಂದು ಗುಂಡಿಯನ್ನು ಒತ್ತಿ ಹಿಡಿದರೆ ಪರದೆಯ ಮೇಲಿನ ಹುಡುಗಿ ಬಲೆಯನ್ನು ಮುಂದಕ್ಕೆ ಚಾಚಿ, ಮೈ ಕುಗ್ಗಿಸಿ, ತುದಿಗಾಲಲ್ಲಿ ಹೆಜ್ಜೆ ಇಡುತ್ತಾಳೆ. ಎಲ್ಲಕ್ಕಿಂತ ಕಷ್ಟದ್ದು ಟ್ಯಾರಂಟುಲಾ ಎಂಬ ರೋಮಗಳ ದೊಡ್ಡ ಜೇಡ. ಅದು ಬರುವುದೇ ರಾತ್ರಿ 7ರ ಮೇಲೆ. ಹತ್ತಿರ ಹೋದರೆ ಮುಂಗಾಲು ಎತ್ತುತ್ತದೆ. ಎತ್ತಿದಾಗ ಕಲ್ಲಿನಂತೆ ನಿಂತುಬಿಡಬೇಕು, ಇಳಿಸಿದಾಗ ಒಂದು ಹೆಜ್ಜೆ. ಮತ್ತೆ ಎತ್ತಿತೋ, ಮತ್ತೆ ನಿಲ್ಲಬೇಕು. ತಪ್ಪಿದರೆ ಅದು ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ, ನೀವು ಮೂರ್ಛೆ ಹೋಗಿ ನಿಮ್ಮ ಮನೆ ಬಾಗಿಲಲ್ಲಿ ಕಣ್ಣು ಬಿಡುತ್ತೀರಿ. ನಮ್ಮ ಹುಡುಗಿ ಉಸಿರು ಬಿಗಿ ಹಿಡಿದು ಆಡುತ್ತಿದ್ದಳು. ನೋಡುತ್ತಿದ್ದ ನಾನೂ ಉಸಿರು ಹಿಡಿದಿದ್ದೆ ಎನ್ನಿ.

“ಅದು ಕಾಲು ಯಾಕೆ ಎತ್ತುತ್ತೆ ಗೊತ್ತಾ ಪುಟ್ಟೀ?” ಎಂದೆ.

“ಗೇಮಲ್ಲಿ ಹಾಗೇ ದೊಡ್ಡಪ್ಪ.”

ಗೇಮಲ್ಲಷ್ಟೇ ಅಲ್ಲ, ನಿಜದ ಟ್ಯಾರಂಟುಲಾ ಕೂಡ ಹಾಗೆಯೇ ಮುಂಗಾಲೆತ್ತಿ ಹೆದರಿಸುತ್ತದೆ. ಆಟ ಮಾಡಿದವರು ಅಷ್ಟನ್ನು ನೋಡಿಯೇ ಮಾಡಿದ್ದಾರೆ. ಆದರೆ ನಿಜದ ಜೇಡಕ್ಕೆ ಎಂಟು ಕಣ್ಣಿದ್ದರೂ ದೃಷ್ಟಿ ಮಂದ. ನೀವು ಬಂದದ್ದನ್ನು ಅದು ಹೆಚ್ಚಾಗಿ ತಿಳಿಯುವುದು ಕಾಲಿನ ರೋಮಗಳಿಗೆ ನಾಟುವ ನೆಲದ ಅದುರು ಮತ್ತು ಗಾಳಿಯ ಅಲುಗಾಟದಿಂದ. ಅದರ ಮುಂದೆ ಅಡಗಿ ಕೂರುವುದಕ್ಕಿಂತ ಕಾಲು ಮೆಲ್ಲಗೆ ಊರುವುದೇ ಮುಖ್ಯ. ಇನ್ನು ಕಚ್ಚಿದರೆ ಮೂರ್ಛೆ ಹೋಗುವುದು ಆಟದ ಉತ್ಪ್ರೇಕ್ಷೆ. ಇವುಗಳ ಕಡಿತ ನೋವು ಕೊಟ್ಟೀತೇ ಹೊರತು ಸಾಮಾನ್ಯವಾಗಿ ಮನುಷ್ಯನ ಪ್ರಾಣಕ್ಕೆ ಎರವಾಗುವುದಿಲ್ಲ. (ಹಾಗೆಂದು ಯಾರೂ ಕೈ ಹಾಕಲು ಹೋಗಬೇಡಿ.)

ಇಂಥ ಆಟಗಳು ಜಪಾನಿನಲ್ಲಿ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಬೇಸಗೆ ರಜೆ ಬಂತೆಂದರೆ ಅಲ್ಲಿಯ ಮಕ್ಕಳು ಕೈಗೊಂದು ಬಲೆ, ಕೊರಳಿಗೊಂದು ಪಂಜರ ಹಾಕಿಕೊಂಡು ಜೀರುಂಡೆ, ಕೊಂಬಿನ ದುಂಬಿಗಳ ಹಿಂದೆ ಹೋಗುವುದು ಹಳೆಯ ರೂಢಿ. ದುಂಬಿಯನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವುದೂ ಉಂಟು. ನಮ್ಮಲ್ಲಿ ಜೀರ್ಜಿಂಬೆಯನ್ನು ಜಾಲಿ ಸೊಪ್ಪಿನ ಜೊತೆ ಬೆಂಕಿಪೊಟ್ಟಣದಲ್ಲಿಟ್ಟು ಶಾಲೆಗೆ ತರುತ್ತಿದ್ದ ಕಾಲವನ್ನು ನನ್ನ ವಾರಿಗೆಯವರು ನೆನೆಸಿಕೊಳ್ಳಬಹುದು. ಪೋಕೆಮಾನ್ ಆಟವನ್ನು ಸೃಷ್ಟಿಸಿದ ಸತೋಶಿ ತಾಜಿರಿ (ಜನನ 1965) ಟೋಕಿಯೋದ ಅಂಚಿನ ಮಾಚಿದಾ ಎಂಬಲ್ಲಿ ಬೆಳೆದವರು. ಹುಳುಗಳ ಹುಚ್ಚು ಎಷ್ಟಿತ್ತೆಂದರೆ ಜೊತೆಯ ಹುಡುಗರು ಅವರನ್ನು ‘ಹುಳುಗಳ ಡಾಕ್ಟರು’ ಎಂದು ಕರೆಯುತ್ತಿದ್ದರಂತೆ. ಬೇರೆ ಹುಡುಗರು ಮರದ ತೊಗಟೆಗೆ ಜೇನು ಸವರಿ ದುಂಬಿಗಾಗಿ ಕಾಯುತ್ತಿದ್ದರೆ ತಾಜಿರಿ ಮರದ ಬುಡದಲ್ಲಿ ಒಂದು ಕಲ್ಲಿಟ್ಟು ಹೋಗುತ್ತಿದ್ದರು. ಹಗಲು ಮಲಗುವ ದುಂಬಿಗೆ ಕಲ್ಲಿನಡಿ ಇಷ್ಟ ಎಂಬುದನ್ನು ಅವರು ಕಂಡುಕೊಂಡಿದ್ದರು. ಬೆಳಗ್ಗೆ ಬಂದು ಕಲ್ಲು ಎತ್ತಿದರೆ ಮುಗಿಯಿತು. ಓಟವಿಲ್ಲ, ಬಲೆಯಿಲ್ಲ. ನನ್ನ ಮಟ್ಟಿಗೆ ಇಡೀ ಪೋಕೆಮಾನ್ ಸಾಮ್ರಾಜ್ಯಕ್ಕಿಂತ ಈ ಕಲ್ಲೇ ದೊಡ್ಡದು.

ಮಾಚಿದಾದ ಗದ್ದೆಗಳೂ ಕೊಳಗಳೂ ಅವರ ಕಣ್ಣೆದುರೇ ಕಟ್ಟಡಗಳಾದವು. ಹುಳು ಹಿಡಿಯುವ ಆ ಸುಖವನ್ನು ಮುಂದಿನ ಮಕ್ಕಳಿಗೆ ಯಂತ್ರದಲ್ಲಾದರೂ ಕೊಡಬೇಕೆಂದು ಹೊರಟದ್ದರ ಫಲವೇ 1996ರಲ್ಲಿ ಬಂದ ಪೋಕೆಮಾನ್. ಅದರಲ್ಲಿ ‘ಸಫಾರಿ ಜೋನ್’ ಎಂಬ ಒಂದು ಭಾಗವಿದೆ. ಆಟದ ಹಣ 500 ಕೊಟ್ಟು ಒಳಗೆ ಹೋದರೆ ಕೈಗೆ 30 ಚೆಂಡುಗಳು ಸಿಗುತ್ತವೆ. ಅಲ್ಲಿ ಕಾದಾಟವಿಲ್ಲ. ಎದುರಾದ ಪ್ರಾಣಿಗೆ ತಿಂಡಿ ಎಸೆಯಬಹುದು, ಇಲ್ಲವೆ ಕಲ್ಲು. ತಿಂಡಿ ಎಸೆದರೆ ಅದು ಓಡಿಹೋಗುವ ಸಂಭವ ಕಡಿಮೆಯಾಗುತ್ತದೆ, ಜೊತೆಗೆ ಚೆಂಡಿನಲ್ಲಿ ಸಿಕ್ಕಿಬೀಳುವ ಸಂಭವವೂ ಕಡಿಮೆಯಾಗುತ್ತದೆ. ಕಲ್ಲು ಹೊಡೆದರೆ ಸಿಕ್ಕುವುದು ಸುಲಭ, ಪರಾರಿಯಾಗುವುದೂ ಸುಲಭ. ಯಾವುದನ್ನು ಎಸೆಯಬೇಕು? ಕಾಗದ ಪೆನ್ಸಿಲ್ ಹಿಡಿದು ಕೂತರೆ ಇದು ಸಂಭವನೀಯತೆಯ ಸೊಗಸಾದ ಲೆಕ್ಕ. ಮಾರ್ಕ್ಸು ಇಳಿದಿದೆ ಎಂದ ಹುಡುಗಿಗೆ ಇದನ್ನು ಬಿಡಿಸಲು ಕೊಟ್ಟೆ. ಎರಡು ದಿನ ತೆಗೆದುಕೊಂಡಳು, ಬಿಡಿಸಿದಳು. ಗಣಿತ ಬಾರದ ಮಗುವಲ್ಲ ಅದು. 2022ರ ಜನವರಿಯಲ್ಲಿ ಬಂದ ಇನ್ನೊಂದು ಪೋಕೆಮಾನ್ ಆಟದಲ್ಲಂತೂ ಎತ್ತರದ ಹುಲ್ಲಿನಲ್ಲಿ ಕುಕ್ಕರುಗಾಲಲ್ಲಿ ಸರಿದು ಪ್ರಾಣಿಯ ಬೆನ್ನ ಹಿಂದಿನಿಂದ ಚೆಂಡೆಸೆಯುವುದೇ ಮುಖ್ಯ ವಿದ್ಯೆಯಂತೆ. ಅದನ್ನು ನಾನು ನೋಡಿಲ್ಲ, ಅವಳು ಹೇಳಿದ್ದು.

ಒಂದು ಸಂಜೆ ಹಿತ್ತಲಿನ ಹಲಸಿನ ಮರದ ಬಳಿ ಹೋದವಳು ಅಲ್ಲಿಂದಲೇ ಕೂಗಿದಳು. ತೊಗಟೆಗೆ ಕಚ್ಚಿಕೊಂಡು ಕಂದು ಬಣ್ಣದ ಒಂದು ಟೊಳ್ಳು ಸಿಪ್ಪೆ, ಬೆನ್ನು ಸೀಳಿತ್ತು. “ಇದು ನಂಗೊತ್ತು! ಸಿಕಾಡ ಶೆಲ್! ಗೇಮಲ್ಲಿ ಇದಕ್ಕೂ ಒಂದು ಜಾಗ ಇದೆ!” ಆಕೆಯ ಆಟದ ಎಂಬತ್ತರ ಪಟ್ಟಿಯಲ್ಲಿ ಜೀರುಂಡೆಯ ಪೊರೆಯೂ ಒಂದು ಎಂಬುದು ಆಗ ತಿಳಿಯಿತು. ವರ್ಷಗಟ್ಟಲೆ ಮಣ್ಣಿನೊಳಗೆ ಬೇರಿನ ರಸ ಹೀರಿ ಬೆಳೆದ ಮರಿ, ಒಂದು ರಾತ್ರಿ ಮರ ಹತ್ತಿ ಈ ಅಂಗಿ ಬಿಚ್ಚಿಟ್ಟು ರೆಕ್ಕೆ ಬಿಚ್ಚುತ್ತದೆ. ಆಮೇಲೆ ಅದರ ಆಯುಸ್ಸು ಕೆಲವೇ ವಾರ. ನಮ್ಮ ಕಡೆ ಮಳೆಗೆ ಮುಂಚಿನ ದಿನಗಳಲ್ಲಿ ಜೀರುಂಡೆಗಳ ಕೂಗಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಆದರೂ ಕಣ್ಣಿಗೆ ಬೀಳುವುದು ಅಪರೂಪ. ಕೂಗು ಇರುವ ಮರಕ್ಕೆ ಹೋಗಿ ನಿಂತರೆ ಕೂಗು ಪಕ್ಕದ ಮರದಲ್ಲಿರುತ್ತದೆ.

ಹುಡುಗಿ ಹಿಡಿಯಲು ಹೊರಟಳು. ಆಟದಲ್ಲಿ ಕಲಿತ ಹೆಜ್ಜೆಯನ್ನೇ ಹಾಕಿದಳು: ಮೈ ಕುಗ್ಗಿಸಿ, ಒಣ ಎಲೆ ತುಳಿಯದೆ, ನಿಧಾನವಾಗಿ. ಮೂರು ಮಾರು ದೂರದಲ್ಲಿರುವಾಗಲೇ ಜೀರುಂಡೆ ಸದ್ದು ನಿಲ್ಲಿಸಿತು. ಇನ್ನೊಂದು ಹೆಜ್ಜೆಗೆ ಹಾರಿತು. ಮರುದಿನವೂ ಅದೇ ಕತೆ. “ನಾನು ಒಂಚೂರೂ ಸದ್ದು ಮಾಡ್ಲಿಲ್ಲ ದೊಡ್ಡಪ್ಪ” ಎಂದಳು, ಅಳು ಬರುವಂತಾಗಿ.

ಆಗ ಅವಳಿಗೆ ಫಾಬ್ರೆಯ ಫಿರಂಗಿಯ ಕತೆ ಹೇಳಿದೆ. ಜ್ಯಾಂ ಆನ್ರಿ ಫಾಬ್ರೆ (1823-1915) ಫ್ರಾನ್ಸಿನ ದಕ್ಷಿಣದಲ್ಲಿದ್ದ ಬಡ ಮೇಷ್ಟ್ರು. ತನ್ನ ಹಿತ್ತಲಿನ ಹುಳುಗಳನ್ನು ನೋಡಿ ಹತ್ತು ಸಂಪುಟ ಬರೆದವನು. ಜಪಾನಿನ ಮಕ್ಕಳಿಗೆ ಅವನ ಹೆಸರು ಮನೆಮಾತು. ಅವನ ಮನೆಯೆದುರಿನ ಮರಗಳಲ್ಲಿ ಜೀರುಂಡೆಗಳು ಕಿವಿ ಚಿಟ್ಟು ಹಿಡಿಸುತ್ತಿದ್ದವು. ಇವಕ್ಕೆ ಕಿವಿ ಕೇಳುತ್ತದೆಯೇ ಎಂಬ ಪ್ರಶ್ನೆ ಅವನಿಗೆ. ಊರ ಹಬ್ಬದಲ್ಲಿ ಸಿಡಿಸುವ ಎರಡು ಸಣ್ಣ ಫಿರಂಗಿಗಳನ್ನು ಕೇಳಿ ತಂದು, ಮದ್ದು ತುಂಬಿ, ಕಿಟಕಿಯ ಗಾಜು ಒಡೆಯದಿರಲೆಂದು ತೆರೆದಿಟ್ಟು, ಮರದಡಿಯಲ್ಲೇ ಸಿಡಿಸಿದ. ಮೇಲೆ ಕೂಗುತ್ತಿದ್ದವು ಕೂಗುತ್ತಲೇ ಇದ್ದವು. ಎರಡನೆಯದನ್ನು ಸಿಡಿಸಿದರೂ ಅಷ್ಟೇ. ಅದೇ ಜೀರುಂಡೆ, ನೀವು ಕಣ್ಣಿಗೆ ಬಿದ್ದರೆ ಮಾತ್ರ ತಕ್ಷಣ ಹಾರುತ್ತದೆ ಎಂಬುದನ್ನೂ ಅವನು ಗಮನಿಸಿದ್ದ.

“ನಾವೂ ಮಾಡೋಣ!” ಎಂದಳು. ಫಿರಂಗಿಗೆ ಎಲ್ಲಿಗೆ ಹೋಗುವುದು? ದೇವರ ಮನೆಯ ಜಾಗಟೆ ಬಂತು. ಹೊತ್ತಲ್ಲದ ಹೊತ್ತಿನಲ್ಲಿ ಜಾಗಟೆಯೇ ಎಂದು ನನ್ನಾಕೆ ಗೊಣಗಿದಳಾದರೂ ಸೆರಗು ಸಿಕ್ಕಿಸಿಕೊಂಡು ನೋಡಲು ತಾನೇ ಮೊದಲು ಬಂದಳು. ಹುಡುಗಿ ಕಾಂಡದ ಆಚೆ ಬದಿಯಲ್ಲಿ ಮರೆಯಾಗಿ ನಿಂತಳು, ಬಡಿಯುವ ಕೆಲಸ ನನ್ನದು. ಬಡಿದೆ. ಜೀರುಂಡೆ ಕೇಳಿಸಿಕೊಂಡಂತೆಯೇ ಇಲ್ಲ. ಇನ್ನೂ ಜೋರಾಗಿ ಬಡಿದೆ. ಪಕ್ಕದ ಮನೆಯವರು ಬೇಲಿಯಾಚೆಯಿಂದ “ಇವತ್ತೇನು ಪೂಜೆ ಮೇಷ್ಟ್ರೇ?” ಎಂದು ವಿಚಾರಿಸಿದರು. ಕೂಗು ನಿಲ್ಲಲಿಲ್ಲ. ಕೊನೆಗೆ ಅವಳು ಸದ್ದೇ ಇಲ್ಲದೆ ಕಾಂಡದ ಪಕ್ಕದಿಂದ ಬರಿಯ ಅಂಗೈ ಚಾಚಿದಳು. ಥಟ್ಟನೆ ಮೌನ, ಮರುಕ್ಷಣ ಹಾರಾಟ.

ಅವಳ ಮುಖವನ್ನು ನೀವು ನೋಡಬೇಕಿತ್ತು. ಹಿಡಿಯಲಾಗದ ಬೇಸರ ಎಲ್ಲಿಗೆ ಹೋಯಿತೋ! ಮೂರು ದಿನ ಪುಸ್ತಕ ಹಿಡಿದು ಕೂತಳು. ಬರೀ ಜಾಗಟೆ, ಬರೀ ಕೈ, ಜಾಗಟೆ ಮತ್ತು ಕೈ, ಎರಡೂ ಇಲ್ಲದೆ ಸುಮ್ಮನೆ ಕಾಯುವುದು. ಈ ನಾಲ್ಕನೆಯದನ್ನು ನಾನು ಹೇಳಿಕೊಟ್ಟದ್ದಲ್ಲ. “ಅದು ತಾನಾಗೇ ನಿಲ್ಸುತ್ತೇನೋ ನೋಡ್ಬೇಕಲ್ವಾ” ಎಂದಳು. ಬಿ.ಎಸ್ಸಿ.ಯಲ್ಲಿ ನಮಗೆ ಇದನ್ನು ‘ಕಂಟ್ರೋಲ್’ ಎಂದು ಬಾಯಿಪಾಠ ಮಾಡಿಸಿದ್ದರು.

“ಹಾಗಾದ್ರೆ ಇದು ಕಿವುಡು” ಎಂದು ಬರೆದಳು. ಫಾಬ್ರೆಯೂ ಹೆಚ್ಚುಕಡಿಮೆ ಹಾಗೆಯೇ ನಂಬಿದ್ದ. ಆದರೆ ಜೀರುಂಡೆಗೆ ಕಿವಿ ಉಂಟು, ಹೊಟ್ಟೆಯ ಬುಡದಲ್ಲಿ, ತೆಳ್ಳನೆಯ ಪರೆಯ ರೂಪದಲ್ಲಿ. ಹೆಣ್ಣು ಗಂಡಿನ ಹಾಡು ಕೇಳಿಯೇ ಬರುವುದು. ಆ ಕಿವಿ ತನ್ನ ಜಾತಿಯ ಹಾಡಿನ ತೀಕ್ಷ್ಣ ಸ್ವರಕ್ಕೆ ಚೆನ್ನಾಗಿ ಹೊಂದಿಕೊಂಡಿದೆ. ಫಿರಂಗಿಯ ಗುಡುಗು ಅದರ ಪಾಲಿಗೆ ಲೆಕ್ಕಕ್ಕಿಲ್ಲದ ಸುದ್ದಿ. ಮೇಲಾಗಿ ಹಾಡುವಾಗ ಗಂಡು ತನ್ನ ಕಿವಿಯ ಪರೆಯನ್ನು ಸಡಿಲಿಸಿಕೊಳ್ಳುತ್ತದೆ, ತನ್ನ ಗದ್ದಲಕ್ಕೆ ತಾನೇ ಕಿವುಡಾಗಬಾರದಲ್ಲ! ಫಾಬ್ರೆಯ ಪ್ರಯೋಗ ಸರಿಯಾಗಿಯೇ ಇತ್ತು, ಅದರಿಂದ ಅವನು ಎಳೆದ ತೀರ್ಮಾನ ಉದ್ದವಾಯಿತು. ಹುಡುಗಿ ಬಹಳ ಹೊತ್ತು ಸುಮ್ಮನಿದ್ದು ಪುಸ್ತಕದಲ್ಲಿ ‘ಕಿವುಡು’ ಎಂಬುದನ್ನು ಹೊಡೆದುಹಾಕಿ ‘ಜಾಗಟೆಗೆ ಹೆದರುವುದಿಲ್ಲ’ ಎಂದು ಬರೆದಳು.

ಆಟಕ್ಕೂ ಹಿತ್ತಲಿಗೂ ಇರುವ ಅಂತರ ಇಲ್ಲಿದೆ ಎಂದು ನನಗನ್ನಿಸುತ್ತದೆ. ಆಟದೊಳಗಿನ ಹುಳುಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಇಂದ್ರಿಯ. ನಿಧಾನ ಹೋದರೆ ಸಿಕ್ಕಿತು, ಓಡಿದರೆ ತಪ್ಪಿತು. ಹೊರಗಿನ ಪ್ರತಿ ಜೀವಿಗೂ ಬೇರೆ ಬೇರೆ ಬಾಗಿಲು. ಜಿಂಕೆಯ ಬಳಿಗೆ ಹೋಗುವವನು ಮೊದಲು ಒಂದು ಚಿಟಿಕೆ ಮಣ್ಣು ತೂರಿ ಗಾಳಿ ಎತ್ತಲಿಂದ ಎಂದು ನೋಡಬೇಕು. ಗಾಳಿಯ ಮೇಲುಗಡೆ ನಿಂತರೆ ಎಷ್ಟು ಮೆಲ್ಲಗೆ ಹೋದರೂ ನಿಮ್ಮ ಬೆವರೇ ಮುಂದೆ ಹೋಗಿ ಸುದ್ದಿ ಮುಟ್ಟಿಸುತ್ತದೆ. ಜಿರಳೆಗೆ ಹಿಂಬದಿಯ ಎರಡು ಮೀಸೆಗಳ ಮೇಲಿನ ರೋಮಗಳೇ ಕಾವಲು. ಚಪ್ಪಲಿ ತಳ್ಳಿಕೊಂಡು ಬರುವ ಗಾಳಿ ತಾಗಿದರೆ ಸಾಕು. ಇನ್ನು ನೊಣ. ಸೆಕೆಂಡಿಗೆ ಸುಮಾರು 60 ಮಿಣುಕಿನ ಮೇಲೆ ನಮ್ಮ ಕಣ್ಣಿಗೆ ಬೆಳಕು ಒಂದೇ ಸಮನಾಗಿ ಕಾಣುತ್ತದೆ. ನೊಣಗಳ ಕಣ್ಣು 200ಕ್ಕೂ ಮೇಲಿನ ಮಿಣುಕನ್ನು ಬಿಡಿಸಿ ನೋಡಬಲ್ಲದು. ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ನಮಗದು ಬೆಳಕು, ನೊಣಕ್ಕೆ ಮಿಂಚಿ ಆರುವ ದೀಪ. ನೀವು ಬೀಸುವ ಪತ್ರಿಕೆ (ಇದೇ ಪುರವಣಿಯೂ ಆಗಿರಬಹುದು) ಅದರ ಕಣ್ಣಿಗೆ ತೇಲಿಕೊಂಡು ಬರುತ್ತದೆ.

ಆಟದ ಪರವಾಗಿ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಅದರಲ್ಲಿ ಹುಳುಗಳಿಗೆ ತಿಂಗಳೂ ಗಂಟೆಯೂ ಉಂಟು. ಬೇಸಗೆಯ ಜೀರುಂಡೆ ಚಳಿಗಾಲದಲ್ಲಿ ಸಿಕ್ಕುವುದಿಲ್ಲ, ರಾತ್ರಿಯದು ಹಗಲು ಬರುವುದಿಲ್ಲ. ಮಣ್ಣಿನೊಳಗೆ ಕೂತು ಕೂಗುವ ಒಂದು ಜಾತಿಯ ಮಿಡತೆಯನ್ನು ಅದರ ದನಿಯ ಜಾಡು ಹಿಡಿದೇ ಅಗೆದು ತೆಗೆಯಬೇಕು. ನಿಜದಲ್ಲಿ ಅದು ತನ್ನ ಬಿಲವನ್ನು ಕಹಳೆಯ ಬಾಯಿಯಂತೆ ಕೊರೆದು ದನಿಯನ್ನು ದೊಡ್ಡದು ಮಾಡಿಕೊಳ್ಳುತ್ತದೆ. ಹಿಡಿದದ್ದನ್ನೆಲ್ಲ ಒಂದು ಗೂಬೆಯ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಬಹುದು. ಆ ಪಂಡಿತ ಗೂಬೆಗೆ ಹುಳುಗಳೆಂದರೆ ಪ್ರಾಣಭಯ! (ಜಿರಳೆ ಕಂಡರೆ ಬೆಂಚು ಹತ್ತುವ ಜೀವಶಾಸ್ತ್ರದ ಅಧ್ಯಾಪಕರನ್ನು ನಾನು ಬಲ್ಲೆ, ಹೆಸರು ಬೇಡ.) ಆದರೆ ಆಟದಲ್ಲಿ ಕೈತಪ್ಪಿದ ಹುಳು ನಾಳೆ ಮತ್ತೆ ಬಂದೇ ಬರುತ್ತದೆ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಗೊತ್ತು, ಅಷ್ಟು ಜನ ಕಾಡು ಸುತ್ತಿ ಕೊನೆಗೆ ಕಂಡ ಹಾರುವ ಓತಿ ಎಲ್ಲರ ಕಣ್ಣೆದುರೇ ತೇಲಿ ಹೋಗುತ್ತದೆ. ಅಲ್ಲಿ ಇನ್ನೊಂದು ಸಲ ಗುಂಡಿ ಒತ್ತುವಂತಿಲ್ಲ.

ರಜೆ ಮುಗಿದು ತಮ್ಮ ಕರೆದೊಯ್ಯಲು ಬಂದ. ಪುಸ್ತಕ ತೋರಿಸಿದೆ. ಪ್ರತಿ ಪುಟವನ್ನೂ ತಿರುವಿ ನೋಡಿದ, ಸಂತೋಷವೂ ಪಟ್ಟ. ಆದರೂ “ಇದಕ್ಕೆಲ್ಲ ಮಾರ್ಕ್ಸು ಯಾರು ಕೊಡ್ತಾರೆ ಅಣ್ಣ?” ಎಂದ. ಆ ಪ್ರಶ್ನೆಗೆ ಮೂವತ್ತು ವರ್ಷದಿಂದ ಪಾಠ ಹೇಳುತ್ತಿರುವ ನನ್ನಲ್ಲಿ ಉತ್ತರವಿಲ್ಲ. ಯಾರೂ ಕೊಡುವುದಿಲ್ಲ. ಆಟವನ್ನು ಮಾರಬೇಡ, ದಿನಕ್ಕೆ ಇಷ್ಟೇ ಹೊತ್ತು ಎಂದು ಕಟ್ಟು ಮಾಡು, ಆಡುವಾಗ ಒಂದು ದಿನ ನೀನೂ ಪಕ್ಕದಲ್ಲಿ ಕೂರು ಎಂದೆ. ಅವನು ಅರ್ಧ ಕೇಳಿದ. ಮಾರಲಿಲ್ಲ. ಹತ್ತನೇ ತರಗತಿ ಮುಗಿಯುವವರೆಗೆ ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದ. ನನಗೆ ಒಪ್ಪಿಗೆಯಿಲ್ಲ. ಆದರೆ ಮಗಳು ಅವನವಳು, ಫೀಸು ಕಟ್ಟುವವನೂ ಅವನೇ. ಹುಡುಗಿ ಒಂದು ವಾರ ಅವನ ಜೊತೆ ಮಾತು ಬಿಟ್ಟಿದ್ದಳಂತೆ.

ಈ ವರ್ಷ ಏಪ್ರಿಲ್ ಮೊದಲ ವಾರ ಅವಳದೇ ಫೋನು. “ದೊಡ್ಡಪ್ಪ, ಜೀರುಂಡೆ ಶುರುವಾಯ್ತಾ?” ಶುರುವಾಗಿತ್ತು. ಮರದ ಹತ್ತಿರ ಹೋಗಿ ಫೋನು ಹಿಡಿಯಿರಿ ಎಂದಳು. ಹೋಗಿ ಹಿಡಿದೆ. ನನ್ನ ಕಿವಿ ಗುಂಯ್‌ಗುಡುತ್ತಿದ್ದರೂ ಅವಳು “ಏನೂ ಕೇಳ್ತಿಲ್ಲವಲ್ಲ” ಎಂದಳು. ಕೇಳುವುದಿಲ್ಲ. ಫೋನನ್ನು ಮನುಷ್ಯರ ಮಾತಿಗೆಂದು ಮಾಡಿದ್ದು. ಹಿಂದಿನಿಂದಲೂ ಅದರ ತಂತಿಗಳಲ್ಲಿ ಸಾಗುತ್ತಿದ್ದದ್ದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ದನಿ ಮಾತ್ರ. ಈಗಿನ ಮೊಬೈಲುಗಳು ಅದಕ್ಕಿಂತ ಮೇಲಿನದನ್ನು ಸಾಗಿಸಿದರೂ ಒಂದೇ ಸಮನೆ ಬರುವ ಗದ್ದಲವನ್ನು ಸೋಸಿ ಎಸೆಯುತ್ತವೆ. ಅನೇಕ ಜೀರುಂಡೆಗಳ ಸ್ವರ 4,000 ಹರ್ಟ್ಸ್‌ಗಿಂತ ಮೇಲೆ. ಇದನ್ನೆಲ್ಲ ಮರದಡಿ ನಿಂತು ಕಿರುಚಿ ಕಿರುಚಿ ವಿವರಿಸಿದೆ.

“ಹಾಗಾದ್ರೆ ಫೋನೂ ಕಿವುಡಲ್ಲ ದೊಡ್ಡಪ್ಪ” ಎಂದು ನಕ್ಕಳು. ಹಿಂದಿನಿಂದ ಅವಳಪ್ಪ ಏನೋ ಕೇಳಿದ್ದು ಕೇಳಿಸಿತು. ಶನಿವಾರ ರಾತ್ರಿಯ ಬಸ್ಸಿಗೆ ಎರಡು ಸೀಟು ಸಿಕ್ಕಿದೆಯಂತೆ. ಜಾಗಟೆಯನ್ನು ಈ ಸಲ ಯಾರು ಬಡಿಯುವುದೆಂದು ಅವರಿಬ್ಬರಲ್ಲಿ ಇನ್ನೂ ತೀರ್ಮಾನವಾಗಿಲ್ಲ.